ನನ್ನ ಮೈಮೇಲಿನ ಉಪ್ಪಿನ ಗೆರೆ

ನಾನು ಒಂದು ಗಾಜಿನ ತೊಟ್ಟಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ. ಬಲಗಡೆಯ ಮೇಲ್ಮೂಲೆಯಲ್ಲಿ ನನಗೊಂದು ಬಿರುಕಿದೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ. ಆ ಬಿರುಕು ಬೀಳದಿದ್ದರೆ ನಾನು ಈ ಮನೆಗೆ ಬರುತ್ತಲೇ ಇರಲಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ವಿರೂಪಾಕ್ಷಪ್ಪನ ಗಾಜಿನ ಅಂಗಡಿಯಲ್ಲಿ. ಕಿಟಕಿಗೆ ಗಾಜು ಕೂರಿಸುವುದು, ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಯಾವುದೋ ಅಂಗಡಿಯ ಷೋಕೇಸಿಗೆಂದು ತಂದ ದಪ್ಪ ಗಾಜಿನಲ್ಲಿ ಒಂದು ಹಲಗೆ ಮಿಕ್ಕಿತ್ತು. ಅದರ ಮೇಲೆ ವಜ್ರದ ಮೊನೆಯಿಂದ ಗೆರೆ ಎಳೆದು, ಬೆರಳಿನಿಂದ ಟಕ್ ಎಂದು ತಟ್ಟಿ ಐದು ತುಂಡು ಮಾಡಿದ. ಆ ಐದನ್ನೂ ಅಂಟಿನಿಂದ ಜೋಡಿಸಿದಾಗ ನಾನಾದೆ. ಕೊನೆಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಚೂರು ಉಳಿಯಿತು. ಅದನ್ನು ಅವನು ಎಸೆಯದೆ ಗೋಡೆಗೆ ಒರಗಿಸಿಟ್ಟ. ಒಂದೇ ಹಲಗೆಯಿಂದ ಬಂದದ್ದರಿಂದ ಅದು ನನ್ನ ಒಡಹುಟ್ಟು. ಅದರ ಗತಿ ಏನಾಗುವುದೋ ಎಂದು ಆಗ ನಾನು ಯೋಚಿಸಲಿಲ್ಲ. ಹೊಸದರಲ್ಲಿ ನನಗೆ ಸ್ವಲ್ಪ ಜಂಬವಿತ್ತು.

ಮೊದಲು ನನ್ನನ್ನು ಕೊಂಡವರು ಒಬ್ಬ ಬಟ್ಟೆ ವ್ಯಾಪಾರಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು ಬಂಗಾರದ ಬಣ್ಣದ ಮೀನು ಬಿಟ್ಟರು. ಸೀರೆ ಕೊಳ್ಳಲು ಬಂದವರೆಲ್ಲ ನನ್ನೆದುರು ನಿಂತು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಆ ವೈಭವ ಎಂಟು ತಿಂಗಳಿಗೆ ಮುಗಿಯಿತು. ಒಂದು ದಿನ ಷಟರ್ ಎಳೆಯುವ ಕಬ್ಬಿಣದ ಕೊಕ್ಕೆ ಕೈತಪ್ಪಿ ನನ್ನ ಮೇಲೆ ಬಿತ್ತು. ಮೂಲೆ ಬಿರುಕು ಬಿಟ್ಟಿತು. ವ್ಯಾಪಾರಿ ನನ್ನನ್ನು ವಿರೂಪಾಕ್ಷಪ್ಪನ ಅಂಗಡಿಗೆ ಹೊರಿಸಿಕೊಂಡು ಬಂದರು.

ವಿರೂಪಾಕ್ಷಪ್ಪ ಬಿರುಕಿನ ಮೇಲೆ ಬೆರಳಾಡಿಸಿ, "ಅಂಟು ಹಚ್ಚಿ ಕೊಡ್ತೀನ್ರಿ. ಆದ್ರ ಅರ್ಧಕ್ಕಿಂತ ಮ್ಯಾಲ ನೀರ ಹಾಕಾಂಗಿಲ್ಲ" ಎಂದ.

"ಅರ್ಧ ತೊಟ್ಟಿ ಕಟಗೊಂಡು ನಾ ಏನ್ ಮಾಡ್ಲೋ ಮಾರಾಯ" ಎಂದು ಅವರು ನನ್ನನ್ನು ಅಲ್ಲಿಯೇ ಬಿಟ್ಟು ಹೋದರು. ಮೇಜಿನ ಕೆಳಗೆ, ಮರದ ಪಟ್ಟಿಗಳ ನಡುವೆ ನಾನು ಧೂಳು ತಿನ್ನುತ್ತ ಕುಳಿತೆ. ನನ್ನ ಜಂಬ ಇಳಿದದ್ದು ಅಲ್ಲಿ.

ವಿರೂಪಾಕ್ಷಪ್ಪನಿಗೆ ಒಬ್ಬಳೇ ಮಗಳು, ರೋಹಿಣಿ. ಹನ್ನೆರಡು ವರ್ಷ. ಮೂತ್ರಪಿಂಡದ ಕಾಯಿಲೆಯಿಂದ ಆ ವರ್ಷ ಅವಳಿಗೆ ಶಾಲೆ ತಪ್ಪಿತ್ತು. ಮನೆಯಲ್ಲಿ ಮಲಗಿ ಮಲಗಿ ಬೇಸತ್ತು, ಯಾವುದಾದರೂ ಜೀವ ತಂದುಕೊಡು ಎಂದು ಅಪ್ಪನನ್ನು ಕಾಡುತ್ತಿದ್ದಳು. ನಾಯಿ ಬೇಡವೆಂದು ಡಾಕ್ಟರು, ಬೆಕ್ಕು ಬೇಡವೆಂದು ಅವ್ವ. ಒಂದು ಸಂಜೆ ಅಂಗಡಿಗೆ ಬಂದವಳು ಮೇಜಿನ ಕೆಳಗೆ ಬಗ್ಗಿ ನನ್ನನ್ನು ನೋಡಿದಳು.

"ಅಪ್ಪಾ, ಇದು ಅರ್ಧ ನೀರು ಹಿಡೀತೈತಲ್ಲ? ಸಾಕು. ಸಣ್ಣ ಏಡಿಗೆ ಅರ್ಧ ನೀರು, ಅರ್ಧ ನೆಲಾನ ಬೇಕಂತ. ಫೋನಿನಾಗ ನೋಡೀನಿ."

ನನ್ನ ಕುಂದೇ ಬೇಕೆಂದು ಕೇಳಿದವಳು ಅವಳೊಬ್ಬಳೇ. ಅವಳನ್ನು ನಾನು ಆ ಕ್ಷಣದಿಂದಲೇ ಪ್ರೀತಿಸಿದೆ.

ಅವಳ ಮಂಚದ ಪಕ್ಕದ ಮಣೆಯ ಮೇಲೆ ನಾನು ಕುಳಿತೆ. ಅಪ್ಪ ನನ್ನೊಳಗೆ ಒಂದು ಗಿಡ್ಡ ಗಾಜಿನ ತಡೆ ಅಂಟಿಸಿದ. ತಡೆಯ ಒಂದು ಕಡೆ ತೊಳೆದ ಹೊಳೆಮರಳು ತುಂಬಿದರು, ಅದೇ ನೆಲ. ಇನ್ನೊಂದು ಕಡೆ ಒಂದು ಗೇಣಿಗಿಂತ ಕಡಿಮೆ ನೀರು. ಏಡಿ ಹತ್ತಿ ಇಳಿಯಲು ಬೆಣಚುಕಲ್ಲಿನ ಇಳಿಜಾರು, ಅಡಗಲು ತೆಂಗಿನ ಚಿಪ್ಪು, ಬಿಸಿಲು ಕಾಯಲು ಒಂದು ಚಪ್ಪಟೆ ಕಲ್ಲು. ಏಡಿಗಳು ಗೋಡೆ ಹತ್ತಿ ಓಡಿಹೋಗುವ ಜಾತಿ ಎಂದು ಮೇಲೆ ಜಾಲರಿಯ ಮುಚ್ಚಳ. ಕಲ್ಲನ್ನು ಎಲ್ಲಿಡಬೇಕೆಂದು ತಂದೆ ಮಗಳು ಅರ್ಧ ದಿನ ಜಗಳವಾಡಿದರು. ಅಷ್ಟು ಸುಖದ ದಿನ ನನಗೆ ಮತ್ತೆ ಬರಲಿಲ್ಲ.

ಬಂದವು ಮೂರು ಏಡಿಗಳು. ಒಂದೊಂದೂ ಒಂದು ರೂಪಾಯಿ ನಾಣ್ಯದಷ್ಟು, ಇಕ್ಕಳದಂಥ ಕೆಂಪು ಕೈಗಳು. ರೋಹಿಣಿ ಅವಕ್ಕೆ ಮಾಮಾ, ಅತ್ತಿ, ಚಿಗವ್ವ ಎಂದು ಹೆಸರಿಟ್ಟಳು. ತನಗೆ ಬೇಯಿಸಿದ ಸಪ್ಪನೆ ಗಜ್ಜರಿಯಲ್ಲೇ ಅವಕ್ಕೂ ಒಂದು ಚೂರು ಹಾಕುವಳು. "ತಿನ್ರಿ, ನನಗೂ ಇದ ಗತಿ" ಎನ್ನುವಳು.

ಆ ಮನೆಯ ಊಟ ಸಪ್ಪನೆಯದು. ರೋಹಿಣಿಗೆ ಉಪ್ಪು ಕೂಡದೆಂದು ಡಾಕ್ಟರು ಹೇಳಿದ್ದರು. ಒಮ್ಮೆ ಅವಳು ಪಕ್ಕದ ಮನೆಯಲ್ಲಿ ಕದ್ದು ಉಪ್ಪಿನಕಾಯಿ ತಿಂದು, ಮೈಯೆಲ್ಲ ಬಾತು, ಆರು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಅಂದೇ ಅವಳ ಅವ್ವ ಶಕುಂತಲಾ ದೇವರ ಮುಂದೆ ಹರಕೆ ಹೊತ್ತಳು: ಮಗಳು ಗುಣವಾಗಿ ಶಾಲೆಗೆ ಹೋಗುವ ತನಕ ತಾನು ಉಪ್ಪು ಮುಟ್ಟುವುದಿಲ್ಲ, ಉಪ್ಪು ಈ ಮನೆಯ ಹೊಸ್ತಿಲು ದಾಟುವುದಿಲ್ಲ. ಉಪ್ಪಿನ ಬರಣಿಯನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದಳು. ವಿರೂಪಾಕ್ಷಪ್ಪ ಮಾತ್ರ ಅಂಗಡಿಯ ಹತ್ತಿರ ಮಿರ್ಚಿಭಜಿ ತಿಂದು, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದ.

ಒಂದು ತಿಂಗಳಿಗೆ ಮಾಮಾ ಸತ್ತ. ಹದಿನೈದು ದಿನಕ್ಕೆ ಅತ್ತಿಯೂ ನೀರಿನಲ್ಲಿ ಮಗುಚಿಕೊಂಡಳು. ರೋಹಿಣಿ ಅಳುತ್ತಲೇ ಫೋನಿನಲ್ಲಿ ಹುಡುಕಿದಳು. ಇವು ಹೊಳೆ ಸಮುದ್ರಕ್ಕೆ ಸೇರುವಲ್ಲಿನ ಏಡಿಗಳು, ನೀರಿಗೆ ಸ್ವಲ್ಪ ಉಪ್ಪು ಬೇಕೇ ಬೇಕು ಎಂದು ಗೊತ್ತಾಯಿತು. ಮಾರಿದವನು ಸಿಹಿನೀರೇ ಸಾಕೆಂದು ಸುಳ್ಳು ಹೇಳಿದ್ದ.

"ಅವ್ವಾ, ಒಂದ್ ಚಮಚ ಉಪ್ಪು. ನೀರಿಗಷ್ಟ. ಇಲ್ಲಂದ್ರ ಚಿಗವ್ವನೂ ಹೋಗ್ತಾಳ."

"ಏಡಿ ಉಳೀಲಿ ಅಂತ ನನ್ನ ಮಗಳನ್ನ ಕಳಕೊಳ್ಳಲೇನು?" ಎಂದಳು ಶಕುಂತಲಾ. "ನಿನ್ನ ಮಂಚದ ಬಾಜೂಕ ಉಪ್ಪಿಟ್ಟು ನಾ ಹೆಂಗ ಕಣ್ಣ ಮುಚ್ಚಲಿ? ಈ ಮಾತ ಇಲ್ಲಿಗೆ ಬಿಡು."

ಅವಳನ್ನು ನಾನು ದೂರುವುದಿಲ್ಲ. ಉಪ್ಪಿನಕಾಯಿಯ ಆ ಆರು ದಿನ ಅವಳ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಆದರೆ ವಿರೂಪಾಕ್ಷಪ್ಪನಿಗೆ ಮಗಳ ಮುಖ ನೋಡಲಾಗಲಿಲ್ಲ. ಭಾನುವಾರ ಹೆಂಡತಿ ಸಂತೆಗೆ ಹೋದಾಗ, ಅಂಗಡಿಯಿಂದ ಬಾಟಲಿಯಲ್ಲಿ ಕದಡಿ ತಂದ ಹರಳುಪ್ಪಿನ ನೀರನ್ನು ತಾನೇ ನನಗೆ ಸುರಿಯತೊಡಗಿದ. ಎರಡೇ ವಾರದಲ್ಲಿ ಚಿಗವ್ವ ಚುರುಕಾದಳು. ಕೆಂಪು ಕೈಯೆತ್ತಿ ಕಲ್ಲಿನ ಮೇಲೆ ದೌಲತ್ತು ಮಾಡತೊಡಗಿದಳು. ಮೂರನೆಯ ಭಾನುವಾರ ಅವನು ದಾರ ಸುತ್ತಿ ಗಂಟು ಹಾಕಿದ ಕಾಗದದ ಒಂದು ಸಣ್ಣ ಪೊಟ್ಟಣ ಮಗಳ ಕೈಗೆ ಕೊಟ್ಟ.

"ಇದ್ರಾಗ ಉಪ್ಪೈತಿ. ನಾ ಊರಾಗ ಇಲ್ಲದಾಗ ಬೇಕಾದ್ರ ಚೂರು ಹಾಕು. ನೀ ಮಾತ್ರ ಬಾಯಿಗೆ ಹಾಕ್ಬ್ಯಾಡ, ನನ್ನವ್ವ."

ಅವಳು ಅದನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟಳು.

ಅವರ ಗುಟ್ಟನ್ನು ರಟ್ಟು ಮಾಡಿದ್ದು ನಾನು. ಬೇಕೆಂದು ಮಾಡಲಿಲ್ಲ. ನೀರು ಆರುತ್ತ ಇಳಿದಂತೆ, ಅದು ಮೊದಲು ನಿಂತಿದ್ದ ಮಟ್ಟದಲ್ಲಿ ನನ್ನ ಮೈಮೇಲೆ ಒಂದು ಬಿಳಿ ಗೆರೆ ಮೂಡಿತು. ಪೊಟ್ಟಣ ಕೊಟ್ಟ ಮಾರನೆಯ ದಿನ ಕೋಣೆ ಗುಡಿಸಲು ಬಂದ ಶಕುಂತಲಾ ಅದನ್ನು ಕಂಡಳು. ಬೆರಳಿನಿಂದ ಕೆರೆದು ನಾಲಿಗೆಗೆ ಹಚ್ಚಿದಳು. ಎಷ್ಟೋ ತಿಂಗಳ ಮೇಲೆ ಅವಳ ನಾಲಿಗೆಗೆ ತಾಗಿದ ಉಪ್ಪು ಅದು.

ಆ ವಾರ ರೋಹಿಣಿಯ ಮುಖ ಮತ್ತೆ ಬಾತಿತ್ತು.

"ತಿಂದೀಯೇನು? ಖರೇ ಹೇಳು!"

"ಇಲ್ಲವ್ವಾ. ಒಂದ್ ಹರಳೂ ತಿಂದಿಲ್ಲ."

"ಹಂಗಾದ್ರ ಮಾರಿ ಯಾಕ ಬಾತೈತಿ? ಉಪ್ಪಿನಕಾಯಿ ತಿಂದಾಗೂ ಹಿಂಗ ಹೇಳಿದ್ದಿ."

ಅವ್ವ ಮಗಳ ಕೈಹಿಡಿದು ನನ್ನ ಅಂಚಿನ ಮೇಲೆ ಇಡಿಸಿದಳು. ಅವ್ವನ ಕೈಯಿಂದಲ್ಲದೆ ಈ ತೊಟ್ಟಿಗೆ ಉಪ್ಪು ಬೀಳಬಾರದು ಎಂದು ಆಣೆ ಮಾಡಿಸಿದಳು. ರೋಹಿಣಿ ಆಣೆ ಮಾಡಿದಳು. ಸಂಜೆ ಗಂಡನ ಮೇಲೂ ಹರಿಹಾಯ್ದು ಅವನಿಂದಲೂ ಮಾತು ತೆಗೆದುಕೊಂಡಳು. ನನ್ನ ನೀರನ್ನೆಲ್ಲ ಚೆಲ್ಲಿ ಸಿಹಿನೀರು ತುಂಬಿದಳು.

ಮುಂದಿನ ದಿನಗಳನ್ನು ಕಂಡದ್ದು ನಾನೊಂದೇ. ಚಿಗವ್ವ ದಿನದಿನಕ್ಕೆ ಸೋತಳು. ಗಜ್ಜರಿ ಮುಟ್ಟಲಿಲ್ಲ, ಚಿಪ್ಪಿನೊಳಗಿಂದ ಹೊರಗೆ ಬರಲಿಲ್ಲ. ಮಂಚದಲ್ಲಿ ಮಗ್ಗುಲಾಗಿ ಮಲಗಿ ರೋಹಿಣಿ ಅವಳನ್ನೇ ನೋಡುತ್ತಿದ್ದಳು. ಒಮ್ಮೊಮ್ಮೆ ಕೈ ಕಂಪಾಸ್ ಪೆಟ್ಟಿಗೆಗೆ ಹೋಗುತ್ತಿತ್ತು. ಮುಚ್ಚಳ ತೆಗೆಯುವಳು, ಪೊಟ್ಟಣ ನೋಡುವಳು, ಮತ್ತೆ ಮುಚ್ಚುವಳು. ಹಾಕು ಮಗಳೇ, ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಕೂಗಬೇಕೆಂದುಕೊಂಡೆ. ಆದರೆ ನನ್ನ ಮೈಮೇಲೆ ಮತ್ತೆ ಗೆರೆ ಮೂಡುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳನ್ನು ಆಸ್ಪತ್ರೆಗೆ ಕರೆದೊಯ್ದ ಬೆಳಿಗ್ಗೆ, ಬಾಗಿಲ ಹತ್ತಿರ ನಿಂತು ಕೇಳಿದಳು: "ಅವ್ವಾ, ಚಿಗವ್ವಗ ನೀನ ಉಪ್ಪ ಹಾಕ್ತೀಯೇನು? ನಿನ್ನ ಕೈಲೆ?"

"ಮೊದಲ ನೀ ಆರಾಮಾಗಿ ಬಾ. ಆಮ್ಯಾಲ ನೋಡೂಣು."

ರೋಹಿಣಿ ಬರಲಿಲ್ಲ. ಒಂಬತ್ತನೆಯ ದಿನ ಮನೆಗೆ ಬಂದದ್ದು ಅವಳ ದೇಹ.

ಊರಿನವರ ಎಷ್ಟೋ ಹಿರಿಯರ ಫೋಟೋಗಳಿಗೆ ಕಟ್ಟು ಹಾಕಿದ್ದ ವಿರೂಪಾಕ್ಷಪ್ಪ ಈಗ ಮಗಳ ಫೋಟೋಗೆ ಕಟ್ಟು ಹಾಕಿದ. ಅದಕ್ಕೆ ಅವನು ಕೂರಿಸಿದ್ದು ನನ್ನ ಒಡಹುಟ್ಟನ್ನು, ಗೋಡೆಗೆ ಒರಗಿಸಿಟ್ಟಿದ್ದ ಆ ಚೂರನ್ನು. ಫೋಟೋಗೆ ಅಷ್ಟು ದಪ್ಪ ಗಾಜು ಯಾರೂ ಹಾಕುವುದಿಲ್ಲ. ಅದನ್ನು ನನ್ನೆದುರಿನ ಗೋಡೆಗೇ ತೂಗುಹಾಕಿದ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಶಕುಂತಲಾ ನನ್ನನ್ನು ಬರಿದು ಮಾಡಲು ಬಂದಳು. ಚಪ್ಪಟೆ ಕಲ್ಲಿನ ಮೇಲೆ ಚಿಗವ್ವ ಅಲುಗಾಡದೆ ಬಿದ್ದಿದ್ದಳು. ಶಕುಂತಲಾ ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ತೂಕವೇ ಇರಲಿಲ್ಲ. "ಇದೂ ಹೋತು" ಎಂದು ಅಲ್ಲೇ ಕುಸಿದು ಕೂತು ಅತ್ತಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಗ ತೆಂಗಿನ ಚಿಪ್ಪಿನ ಕೆಳಗೆ ಏನೋ ಸರಿಯಿತು. ಅವಳ ಕೈಯಲ್ಲಿದ್ದದ್ದು ಬರೀ ಕಳಚಿದ ಹೊದಿಕೆ. ಪೊರೆ ಬಿಟ್ಟ ಚಿಗವ್ವ, ಮೈ ಇನ್ನೂ ಮೆತ್ತಗಿದ್ದವಳು, ಅಲ್ಲಿ ಮುದುಡಿ ಕುಳಿತಿದ್ದಳು.

"ಏನ್ರೀ, ಲಗೂನ ಬರ್ರಿ! ಜೀವ ಐತಿ ಇದರಾಗ. ಉಪ್ಪು, ಉಪ್ಪು ಎಲ್ಲೈತಿ?"

ಓಡಿಬಂದ ವಿರೂಪಾಕ್ಷಪ್ಪ ಬಗ್ಗಿ ಚಿಪ್ಪಿನ ಕೆಳಗೆ ನೋಡಿದ. ಆಮೇಲೆ ಹೇಳಿದ: "ಆಕಿ ಕಂಪಾಸ್ ಪೆಟ್ಟಿಗ್ಯಾಗ ನೋಡು."

ಪೊಟ್ಟಣ ಅಲ್ಲಿಯೇ ಇತ್ತು. ಫೋಟೋ ತೂಗುಹಾಕುವ ದಾರದಿಂದ ಸುತ್ತಿ, ಗಂಟು ಹಾಕಿ, ಗಂಟಿನ ತುದಿಯನ್ನು ಒಳಗೆ ಮಡಚಿತ್ತು.

ಶಕುಂತಲಾ ಗಂಡನ ಮುಖ ನೋಡಿದಳು. "ಯಾವಾಗ ಕೊಟ್ಟಿದ್ರಿ ಇದನ್ನ?"

"ನೀ ಆಣೆ ಮಾಡಿಸಿದ್ದ ಹಿಂದಿನ ದಿನ." ಅವನು ಗಂಟಿನ ಮೇಲೆ ಹೆಬ್ಬೆರಳಿಟ್ಟ. "ಇದು ನನ್ನ ಗಂಟು, ಶಕುಂತಲಾ. ಒಮ್ಮೆ ಬಿಚ್ಚಿದ್ರ ಮತ್ತೊಬ್ಬರಿಗೆ ಹಿಂಗ ಹಾಕಾಕ ಬರೂದಿಲ್ಲ. ಆಕಿಗೂ ಬರ್ತಿದ್ದಿಲ್ಲ."

ಅವಳಿಗೆ ತಿಳಿಯಿತು. ಆಸ್ಪತ್ರೆಗೆ ಹೋಗುವ ತನಕ ನಲವತ್ತು ದಿನ ಆ ಉಪ್ಪು ಮಗಳ ಕೈಗೆಟುಕುವಲ್ಲೇ ಇತ್ತು. ಮಗಳು ಅದನ್ನು ಬಾಯಿಗೂ ಹಾಕಿರಲಿಲ್ಲ, ಸಾಯುತ್ತಿದ್ದ ಏಡಿಗೂ ಹಾಕಿರಲಿಲ್ಲ.

"ನನ್ನ ಕೂಸು ಸುಳ್ಳು ಹೇಳಿರಲಿಲ್ಲ" ಎಂದಳು. "ನಾ ನಂಬಲಿಲ್ಲ. ಆಕಿ ಹೋಗೂಮುಂದ ಕೇಳಿದಾಗ ಹೂಂ ಅನ್ನಲೂ ಇಲ್ಲ."

ಗಂಟನ್ನು ಅವಳೇ ಬಿಚ್ಚಿದಳು, ಬಹಳ ಹೊತ್ತು ಹಿಡಿಯಿತು. ತಂಬಿಗೆಯ ನೀರಿನಲ್ಲಿ ಹರಳು ಕರಗುವ ತನಕ ಕೈಯಾಡಿಸಿದಳು. ಆಮೇಲೆ ತನ್ನ ಕೈಯಿಂದಲೇ ನನ್ನೊಳಗೆ ಸುರಿದಳು.

ಚಿಗವ್ವ ಇನ್ನೂ ಎರಡು ವರ್ಷ ಬದುಕಿದಳು. ಭಾನುವಾರ ತಪ್ಪದೆ ಶಕುಂತಲಾ ಉಪ್ಪುನೀರು ಕದಡಿ ಹಾಕಿದಳು. ಆಮೇಲೆ ಆ ಮನೆಯ ಹೊಸ್ತಿಲು ದಾಟಿದ ಉಪ್ಪು ಅದೊಂದೇ. ಅವಳ ಹರಕೆ ತೀರಲಿಲ್ಲ, ತೀರುವಂಥದ್ದೂ ಅಲ್ಲ. ಇವತ್ತಿಗೂ ಅವಳದು ಸಪ್ಪನೆ ಊಟವೇ.

ಈಗ ನಾನು ಮುದಿಯಾಗಿದ್ದೇನೆ. ಅಂಟು ಹಳದಿಯಾಗಿದೆ, ಬಿರುಕು ಒಂದು ಬೆರಳಿನಷ್ಟು ಕೆಳಗಿಳಿದಿದೆ. ನನ್ನಲ್ಲಿ ನೀರಿಲ್ಲ, ಏಡಿಯಿಲ್ಲ. ಒಣಮರಳಿನ ಮೇಲೆ ಆ ಚಪ್ಪಟೆ ಕಲ್ಲು, ಅದರ ಮೇಲೆ ಕಂಪಾಸ್ ಪೆಟ್ಟಿಗೆ ಇದೆ. ಹುಳಿ ನೀರು ಹಚ್ಚಿ ಉಜ್ಜಿದರೆ ಬಿಳಿ ಗೆರೆ ಹೋಗುತ್ತದೆ ಎಂದು ವಿರೂಪಾಕ್ಷಪ್ಪ ಒಮ್ಮೆ ಹೇಳಿದ್ದ. "ಇರಲಿ ಬಿಡ್ರಿ" ಎಂದಳು ಶಕುಂತಲಾ.

ಗಾಜು ಕಂಡದ್ದನ್ನು ಹಾಗೆಯೇ ತೋರಿಸುತ್ತದೆ ಎಂದು ಜನ ನಂಬುತ್ತಾರೆ. ನಾನು ಗೆರೆಯನ್ನು ತೋರಿಸಿದೆ, ಗಂಟನ್ನು ತೋರಿಸಲಾಗಲಿಲ್ಲ. ನನ್ನ ದುಃಖ ಅಷ್ಟೇ. ದಿನವೂ ಬೆಳಿಗ್ಗೆ ಶಕುಂತಲಾ ಮೊದಲು ಎದುರಿನ ಫೋಟೋ ಒರೆಸುತ್ತಾಳೆ, ಆಮೇಲೆ ನನ್ನನ್ನು. ಬಟ್ಟೆ ಆ ಗೆರೆಯ ಹತ್ತಿರ ಬಂದಾಗ ಅವಳ ಕೈ ನಿಲ್ಲುತ್ತದೆ. ಗೆರೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸುತ್ತಾಳೆ.