ಬೀಳದ ಹಿಮ ತೆಗೆದ ಸಿದ್ದರಾಜು

ತಲಕಾಡಿನ ಮರಳು ದಾಟಿ ಸ್ವಲ್ಪ ದೂರ ಬಂದರೆ ಸಿಗುವ ಆ ಊರಿನಲ್ಲಿ ಹಿಮ ಬಿದ್ದದ್ದನ್ನು ಯಾರೂ ಕಂಡಿಲ್ಲ. ಮಾಗಿಯಲ್ಲಿ ಕಾವೇರಿ ಕಡೆಯಿಂದ ಮಂಜು ಬಂದು ಕಬ್ಬಿನ ಗದ್ದೆಯ ಮೇಲೆ ಕೂರುತ್ತದೆ, ಬಿಸಿಲೇರುತ್ತಿದ್ದಂತೆ ಎದ್ದು ಹೋಗುತ್ತದೆ. ಅಷ್ಟಕ್ಕೇ ಊರ ಗಂಡಸರು ಕಿವಿಗೆ ಟವೆಲು ಸುತ್ತಿಕೊಂಡು, ಈ ವರ್ಷದಂಥ ಚಳಿ ಯಾವ ವರ್ಷವೂ ಇರಲಿಲ್ಲ ಎಂದು ಪ್ರತಿ ವರ್ಷವೂ ಹೇಳುತ್ತಾರೆ. ಇಂಥ ಊರು ಹಿಮ ಬಿದ್ದು ರಸ್ತೆ ಬಂದಾಯಿತೆಂದು ಎರಡು ದಿನ ಬಾಗಿಲು ಹಾಕಿಕೊಂಡು ಕೂತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ. ಸಿದ್ದರಾಜು ಪಟ್ಟ ಪಾಡನ್ನಾದರೂ ನಂಬಿ, ಅದನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ.

ಸಿದ್ದರಾಜು ವಯಸ್ಸಿನ ಬಹುಪಾಲನ್ನು ಹಿಮಾಲಯದಲ್ಲಿ, ಲಡಾಖಿಗೆ ಹೋಗುವ ಒಂದು ಘಟ್ಟದಲ್ಲಿ, ಡೋಜರ್ ಓಡಿಸಿ ಹಿಮ ತೆಗೆಯುತ್ತಾ ಕಳೆದವನು. ಅಲ್ಲಿ ರಸ್ತೆಯ ಎರಡು ಕಡೆಯೂ ಹಿಮ ತೆಂಗಿನ ಮರದೆತ್ತರ ನಿಲ್ಲುತ್ತದೆ. ಟ್ಯಾಂಕಿನೊಳಗಿನ ಡೀಸೆಲ್ ತುಪ್ಪದ ಹಾಗೆ ಗಟ್ಟಿಯಾಗುತ್ತದೆ, ಇಂಜಿನ್ನಿನ ಕೆಳಗೆ ಬೆಂಕಿ ಹಾಕಿ ಕಾಯಿಸಿದರೇನೇ ಗಾಡಿ ಕೆಮ್ಮುವುದು. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಕೈ ಬರುತ್ತದೆ, ಚರ್ಮ ಅಲ್ಲೇ ಉಳಿಯುತ್ತದೆ. ಗಾಳಿ ಎದ್ದಿತೆಂದರೆ ಬಿದ್ದ ಹಿಮವೇ ಮತ್ತೆ ಮೇಲೆದ್ದು, ತನ್ನ ಕೈ ತನಗೇ ಕಾಣುವುದಿಲ್ಲ. ಅಂಥ ಘಟ್ಟ ಮುಚ್ಚಿದರೆ ಒಳಗಿದ್ದವನು ಒಳಗೆ, ಹೊರಗಿದ್ದವನು ಹೊರಗೆ. ಸಿದ್ದರಾಜು ಸದಾ ಒಳಗೇ ಇದ್ದ. ಅವನ ತಾಯಿ ಸತ್ತಾಗ ಘಟ್ಟ ಮುಚ್ಚಿತ್ತು. ಒಬ್ಬಳೇ ಮಗಳು ಸುನೀತಾ ಹುಟ್ಟಿದಾಗ ಮುಚ್ಚಿತ್ತು. ಅವಳ ಮದುವೆಗೆಂದು ಹೊರಟವನು ಬೀಗರೂಟಕ್ಕೆ ಬಂದು ತಲುಪಿದ್ದ. ಮಗಳು ಒಂದು ದಿನಕ್ಕೂ ಜಗಳ ಆಡಲಿಲ್ಲ. ಅಪ್ಪ ಬರುತ್ತಾನೆಂದು ಕಾಯುವುದನ್ನೇ ಬಿಟ್ಟುಬಿಟ್ಟಿದ್ದಳು, ಅಷ್ಟೆ. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಸಿದ್ದರಾಜುವಿಗೆ ಎಷ್ಟೋ ಸಲ ಅನ್ನಿಸಿದೆ.

ಈಗ ರಿಟೈರಾಗಿ ಊರಿಗೆ ಬಂದಿದ್ದ. ಸುನೀತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಅಳುವುದಕ್ಕೆ ಮುಂಚೆ ನಾನು ಆಸ್ಪತ್ರೆ ಬಾಗಿಲಲ್ಲಿರುತ್ತೇನೆ ಎಂದು ಅವನು ಮಾತು ಕೊಟ್ಟಾಗ ಅವಳು, "ಆಗ್ಲಿ ಬುಡಪ್ಪಾ" ಎಂದಿದ್ದಳು. ಮಳೆ ಬಂದರೂ ಬರಬಹುದು ಎನ್ನುವವರ ದನಿ ಅದು. ಹೆಂಡತಿ ಸುಬ್ಬಲಕ್ಷ್ಮಮ್ಮ ಮಗಳನ್ನು ಕರೆದುಕೊಂಡು ಮುಂಚಿನ ದಿನವೇ ನಂಜನಗೂಡಿನ ಆಸ್ಪತ್ರೆಗೆ ಸೇರಿದ್ದಳು. ನಾಳೆಯೋ ನಾಡಿದ್ದೋ ಹೆರಿಗೆ ಎಂದಿದ್ದರು ಡಾಕ್ಟರು. ಸಿದ್ದರಾಜು ಹಳೆಯ ಸೀರೆಗಳನ್ನೂ ಫ್ಲಾಸ್ಕನ್ನೂ ಬ್ಯಾಗಿಗೆ ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೊರಟ.

ಹೊರಟವನು ಸುಮ್ಮನೆ ಹೋಗಬಾರದಿತ್ತೇ? ಆದರೆ ಅವನಿಗೊಂದು ಚಾಳಿ. ಘಟ್ಟದ ಹಳೆಯ ಸಹೋದ್ಯೋಗಿಗಳ ಗುಂಪಿನಿಂದ ಅವನ ಮೊಬೈಲಿಗೆ ದಿನವೂ ಅಲ್ಲಿಯ ಹವಾಮಾನ ಬರುತ್ತಿತ್ತು. ಅದನ್ನು ರುದ್ರಮ್ಮನ ಟೀ ಅಂಗಡಿಯ ಮುಂದಿನ ಅರಳಿಕಟ್ಟೆಯಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳುತ್ತಿದ್ದ. "ಇವತ್ತೆಷ್ಟು ಬಿತ್ತಂತೆ ಮಿಲ್ಟ್ರಿ ಸಾ?" ಎಂದು ಜನ ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದರು. ಅವನು ಮಿಲಿಟರಿಯವನಲ್ಲ, ಆದರೆ ದೂರ ಹೋಗಿ ದಪ್ಪ ಕೋಟು ಹಾಕಿಕೊಂಡು ಬಂದವರೆಲ್ಲ ಆ ಊರಿಗೆ ಮಿಲ್ಟ್ರಿಯೇ. ಆ ದಿನ ಬಂದದ್ದು ಕೆಂಪು ಎಚ್ಚರಿಕೆ. ಬಸ್ಸಿಗೆ ಹೊತ್ತಾದ್ದರಿಂದ ಸಿದ್ದರಾಜು ಬ್ಯಾಗನ್ನು ಕಂಕುಳಲ್ಲಿಟ್ಟುಕೊಂಡು, ನಿಂತುಕೊಂಡೇ, ಗಟ್ಟಿಯಾಗಿ ಓದಿದ: "ಭಾರಿ ಹಿಮ ಬಿದ್ದಿದೆ. ದಾರಿ ಮುಚ್ಚಲಾಗಿದೆ. ಹಿಮ ತೆಗೆಯುವವರೆಗೆ ಯಾರೂ ಆಚೆ ಹೋಗಬಾರದು, ಯಾರೂ ಈಚೆ ಬರಬಾರದು."

ಟೀ ಕುಡಿಯುತ್ತಿದ್ದ ಕರಿಯಪ್ಪ ಲೋಟ ಕೆಳಗಿಟ್ಟು ಎದ್ದ. ಕರಿಯಪ್ಪ ಎಂದರೆ ಆ ಊರಿಗೆ ಸಾರು ಹಾಕುವವನು. ಮಾರಿಹಬ್ಬಕ್ಕೆ ಮುಂಚೆ ಅವನು ಬೀದಿ ಬೀದಿಯಲ್ಲಿ ತಮಟೆ ಬಡಿದು ಸಾರಿದನೆಂದರೆ ಮುಗಿಯಿತು, ಹಬ್ಬ ಕಳೆಯುವ ತನಕ ಊರಿನವರು ಗಡಿ ದಾಟುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಪೊಲೀಸಿಗೂ ಕೋರ್ಟಿಗೂ ಬಗ್ಗದ ಜನ ಸಾರಿಗೆ ಬಗ್ಗುತ್ತಾರೆ. ಸಿದ್ದರಾಜು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಟೀ ಮುಗಿಸುವಷ್ಟರಲ್ಲಿ ಮೇಗಲ ಬೀದಿಯಲ್ಲಿ ತಮಟೆ ಕೇಳಿಸಿತು. "ಕೇಳ್ರಪ್ಪೋ ಕೇಳಿ! ಇಮ ಬಿದ್ದದೆ! ದಾರಿ ಮುಚ್ಚದೆ! ಇಮ ತಗ್ಯೋಗಂಟ ಯಾರೂ ಗಡಿ ದಾಟಂಗಿಲ್ವಪ್ಪೋ!"

ಸಿದ್ದರಾಜು ಓಡಿಹೋಗಿ ಅವನ ಕೈ ಹಿಡಿಯುವ ಹೊತ್ತಿಗೆ ಸಾರು ಊರು ಸುತ್ತಿ ಮಾರಮ್ಮನ ಗುಡಿ ಮುಂದಕ್ಕೆ ಬಂದು ಮುಗಿದಿತ್ತು.

"ಏನ್ ಮಾಡ್ಬುಟ್ಟೆ ಕರಿಯಪ್ಪಣ್ಣ? ಅದು ಅಲ್ಲಿ ಬಿದ್ದಿರೋ ಇಮ ಕಣಣ್ಣೋ!"

"ನೀನು ನಿಂತ್ಕಂಡ್ ಏಳ್ದಲ್ಲ ಸಾ" ಎಂದ ಕರಿಯಪ್ಪ ನಿರಾಳವಾಗಿ. "ದಿನಾ ಕುಂತ್ಕಂಡ್ ಏಳ್ತಿದ್ದೆ, ಅದು ಅರಟೆ. ಇವತ್ತು ಕಟ್ಟೆ ಮುಂದೆ ನಿಂತ್ಕಂಡ್ ಏಳ್ದೆ. ಕಟ್ಟೆ ಮುಂದೆ ನಿಂತ್ಕಂಡ್ ಏಳುದ್ರೆ ನಮ್ಮೂರಲ್ಲಿ ಸಾರು. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇಯ."

ಊರ ಯಜಮಾನ ಶಿವಮೂರ್ತಪ್ಪನ ಜಗಲಿಯಲ್ಲಿ ನ್ಯಾಯ ಸೇರಿತು. ಶಿವಮೂರ್ತಪ್ಪ ಒಳ್ಳೆಯ ಮನುಷ್ಯ, ತಿಳಿವಳಿಕೆ ಇದ್ದವನು, ಇಂಥವರಿಂದಲೇ ತೊಂದರೆ. ಅವನು ಬಹಳ ಹೊತ್ತು ಯೋಚಿಸಿ ಹೇಳಿದ: "ಅಬ್ಬದ ಸಾರು ಅಬ್ಬ ಕಳುದ್ರೆ ತೀರ್ತದೆ. ಇಮದ ಸಾರು ಇಮ ತಗುದ್ರೆ ತೀರ್ತದೆ."

"ಇಮ ಎಲ್ಲದೆ ಯಜಮಾನ್ರೇ ತಗಿಯಾಕೆ? ಬಿದ್ದೇ ಇಲ್ವಲ್ಲ!"

"ಅದೇ ಕಣಪ್ಪ ಕಷ್ಟ. ಬಿದ್ದಿದ್ರೆ ಮಧ್ಯಾಹ್ನಕ್ಕೆ ಕರಗೋಗದು."

ಇನ್ನೊಂದು ಸಾರು ಹಾಕಿ ಇದನ್ನು ರದ್ದು ಮಾಡು ಎಂದರೆ, ಸುಳ್ಳು ಸಾರಿದರೆ ತನ್ನ ನಾಲಗೆ ಬಿದ್ದು ಹೋಗುತ್ತದೆ ಎಂದು ಕರಿಯಪ್ಪ ಒಪ್ಪಲಿಲ್ಲ. ಆ ಘಟ್ಟದ ಹಿಮವೇ ಕರಗಲಿ ಎಂದು ಕಾಯೋಣವೆಂದರೆ ಅದು ಕರಗುವುದು ಯುಗಾದಿ ಕಳೆದ ಮೇಲೆ. ಸಿದ್ದರಾಜು ಹೆಂಡತಿಗೆ ಫೋನು ಮಾಡಿ, ಸಾರೂ ಇಲ್ಲ ಗೀರೂ ಇಲ್ಲ, ದಾಟಿಕೊಂಡು ಬಂದುಬಿಡುತ್ತೇನೆ ಎಂದ. ಆ ಕಡೆಯಿಂದ ಸುಬ್ಬಲಕ್ಷ್ಮಮ್ಮ ಕಿರುಚಿಯೇಬಿಟ್ಟಳು. "ಬಸ್ರಿ ಮಗ್ಳು ಮಂಚದ ಮೇಲವ್ಳೆ, ಸಾರು ಮುರ್ಕಂಡ್ ಬತ್ತೀರಾ? ಬಂದ್ರೆ ನೆಟ್ಟಗೆ ಬನ್ನಿ, ಇಲ್ದಿದ್ರೆ ಬರ್ಲೇಬ್ಯಾಡಿ!" ಹಿಂದಿನಿಂದ ಸುನೀತಾಳ ದನಿ ಕೇಳಿಸಿತು. "ಬುಡವ್ವಾ, ಪಾಪ, ಅಪ್ಪನ್ನ ಬಯ್ಬೇಡ." ಆ 'ಪಾಪ' ಎಂಬುದು ಸಿದ್ದರಾಜುವಿನ ಎದೆಗೆ ಚುಚ್ಚಿತು.

ಊರು ಮಾತ್ರ ಹಿಮಕ್ಕೆ ಬೇಗ ಒಗ್ಗಿಕೊಂಡಿತು. ಮಧ್ಯಾಹ್ನದ ಬಿಸಿಲಿನಲ್ಲೂ ಗಂಡಸರು ಕಂಬಳಿ ಹೊದ್ದು ಕೂತರು. ಸಾರು ಹಾಕಿದ ಮೇಲೆ ಚಳಿ ಜಾಸ್ತಿಯಾಯಿತೆಂದು ರುದ್ರಮ್ಮನ ಅಂಗಡಿಯಲ್ಲಿ ಎಲ್ಲರೂ ಒಪ್ಪಿಕೊಂಡರು, ಟೀ ಎರಡರಷ್ಟು ಖರ್ಚಾಯಿತು. ಡೈರಿಯ ಹಾಲಿನ ಕ್ಯಾನುಗಳನ್ನು ಗಡಿಕಲ್ಲಿನ ಆಚೆ ನಿಂತ ವ್ಯಾನಿಗೆ ಹಗ್ಗ ಕಟ್ಟಿ ಎಳೆದುಕೊಟ್ಟರು. ಪುಟ್ಟಬಸಮ್ಮನ ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಗಡಿಯಲ್ಲೇ ತಡೆದು, ಹಿಮ ಬಿದ್ದಿದೆ ಎಂದು ಕೈಮುಗಿದರು. ಅವರು ಆಕಾಶ ನೋಡಿದರು, ರಸ್ತೆ ನೋಡಿದರು, ಕಾರಿನಿಂದ ಸ್ವೆಟರು ತೆಗೆದು ಹಾಕಿಕೊಂಡು ಅಲ್ಲೇ ಕಾದರು.

ಮರುದಿನ ಬೆಳಗ್ಗೆ ಸಿದ್ದರಾಜು ಬ್ಯಾಗನ್ನು ತಲೆಯಡಿ ಇಟ್ಟುಕೊಂಡು ಕಟ್ಟೆಯ ಮೇಲೆ ಮಲಗಿದ್ದ. ಎದುರಿಗೆ ಪಾಯ ತೋಡಲು ಊರಿನದೇ ಹುಡುಗ ದೀಪಕ್ ತನ್ನ ಜೆಸಿಬಿ ತಂದು ನಿಲ್ಲಿಸಿದ್ದ. ಸಿದ್ದರಾಜು ಅದನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಎದ್ದು ಮನೆಗೆ ಹೋಗಿ, ಟ್ರಂಕಿನಿಂದ ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ, ಕಪ್ಪು ಕನ್ನಡಕ ತೆಗೆದು ಹಾಕಿಕೊಂಡು ಬಂದ.

"ಯಜಮಾನ್ರೇ, ಇಮ ತಗುದ್ರೆ ಸಾರು ತೀರ್ತದೆ ತಾನೆ? ನಾನು ತಗೀತೀನಿ."

ಶಿವಮೂರ್ತಪ್ಪನ ಮುಖ ಅರಳಿತು. ನಿನ್ನೆಯಿಂದ ಯಾರಾದರೂ ಹೀಗೆ ನ್ಯಾಯವಾಗಿ ಮಾತಾಡಲಿ ಎಂದೇ ಅವನು ಕಾಯುತ್ತಿದ್ದ. ರುದ್ರಮ್ಮ ಜೆಸಿಬಿಯ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. ಸಿದ್ದರಾಜು ಸೀಟಿನಲ್ಲಿ ಕೂತು, ಟಾರು ಕೀಳದಂತೆ ಮುಂದಿನ ಬಕೆಟ್ಟನ್ನು ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲಿಸಿ, ನಿಧಾನವಾಗಿ ಮುಂದಕ್ಕೆ ತಳ್ಳಿದ. ಹಿಂದೆ ಇಡೀ ಊರು.

ಆಟಕ್ಕೆಂದು ಶುರುವಾದದ್ದಲ್ಲ ಅದು, ಆದರೂ ಸ್ವಲ್ಪ ದೂರ ಹೋಗುವುದರೊಳಗೆ ಸಿದ್ದರಾಜು ಬೇರೆ ಮನುಷ್ಯನಾದ. "ಎಡಕ್ಕೆ ಓಗ್ಬೇಡಿ, ಪ್ರಪಾತ!" ಎಂದು ಕೂಗಿದ. ಜನ ಹೌಹಾರಿ ಬಲಕ್ಕೆ ಸರಿದರು, ಎಡಗಡೆ ಇದ್ದದ್ದು ಪುಟ್ಟಬಸಮ್ಮನ ತಿಪ್ಪೆಗುಂಡಿ. ಡೈರಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟ. "ಇಲ್ಲಿ ಮ್ಯಾಗ್ಲಿಂದ ಇಮ ಜಾರ್ತದೆ. ಒಂದು ಸದ್ದಾದ್ರೂ ಸಾಕು, ಬೆಟ್ಟನೇ ಇಳ್ದುಬತ್ತದೆ." ಊರೆಲ್ಲ ಉಸಿರು ಬಿಗಿಹಿಡಿಯಿತು. ಯಾರದೋ ಹುಂಜ ಕೂಗಲು ಕತ್ತು ಎತ್ತಿದ್ದೇ ತಡ, ನಾಲ್ಕು ಜನ ಬಿದ್ದು ಅದರ ಮೇಲೆ ಮಂಕರಿ ಕವುಚಿದರು. ತಿರುವು ದಾಟಿದ ಮೇಲೆ ಶಿವಮೂರ್ತಪ್ಪ ಹಿಂದಕ್ಕೆ ತಿರುಗಿ, ಕೈ ಅಡ್ಡ ಇಟ್ಟು ನೋಡಿ, ಬಹಳ ಸಂಕೋಚದಿಂದ ಹೇಳಿದ: "ಆ ಮೂಲೇಲಿ ವಸಿ ಉಳ್ಕಂತು ನೋಡಪ್ಪ."

ಸಿದ್ದರಾಜು ನೋಡಿದ. ಉಳಿದಿತ್ತು. ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋಗಿ ಮೂಲೆಯನ್ನು ಮತ್ತೊಮ್ಮೆ ಬಳಿದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಒಳೀಕ್ ಕರ್ಕಂಡೋದ್ರು ಕಣ್ರೀ" ಎಂದಳು ಸುಬ್ಬಲಕ್ಷ್ಮಮ್ಮ. "ನೋವು ಬಂದದೆ. ಎಲ್ಲಿದ್ದೀರಿ?"

"ಇಮ ತಗೀತಾವ್ನಿ" ಎಂದವನೇ ಅವಳು ಬೈಯುವ ಮುಂಚೆ ಫೋನು ಇಟ್ಟ.

ಗಡಿಕಲ್ಲು ಕಾಣುತ್ತಿತ್ತು, ಆದರೆ ರಸ್ತೆ ಇನ್ನೂ ಬಾಕಿ ಇತ್ತು. ಬಕೆಟ್ಟು ಮೇಲೆತ್ತಿ ಒಂದೇ ಸಲ ಓಡಿಸಿಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ತೆಗೆದಾಯಿತು ಎಂದಿದ್ದರೆ ಊರು ನಂಬುತ್ತಿತ್ತು. ಕೈ ಲಿವರಿನ ಮೇಲೆ ಹೋಯಿತು, ಎತ್ತಲಿಲ್ಲ. ಹಿಮ ಉಳಿಸಿ ದಾರಿ ತೆಗೆದೆ ಎಂದು ಸುಳ್ಳು ಹೇಳಿದರೆ ಹಿಂದೆ ಬರುವ ಗಾಡಿ ಕಣಿವೆಗೆ ಹೋಗುತ್ತದೆ. ಅವನು ಜೀವಮಾನದಲ್ಲಿ ಒಮ್ಮೆಯೂ ಹಾಗೆ ಮಾಡಿದವನಲ್ಲ. ಇಲ್ಲದ ಹಿಮವನ್ನೂ ಅರ್ಧಕ್ಕೆ ಬಿಟ್ಟು ಹೋಗಲು ಅವನಿಂದ ಆಗಲಿಲ್ಲ. ಕಪ್ಪು ಕನ್ನಡಕದ ಕೆಳಗಿಂದ ಕಣ್ಣೀರು ಇಳಿಯುತ್ತಿದ್ದರೂ ಗಾಡಿಯನ್ನು ನಡಿಗೆಯ ವೇಗದಲ್ಲೇ ತಳ್ಳಿದ. ಹಾಳು ಮನುಷ್ಯ, ಅಷ್ಟು ಪ್ರಾಮಾಣಿಕ ಆಗಿರಬಾರದು.

ಗಡಿಯಲ್ಲಿ ಕರಿಯಪ್ಪ ಬಗ್ಗಿ ಟಾರನ್ನು ಬೆರಳಿನಿಂದ ಒರೆಸಿ, ಬೆರಳನ್ನು ಎಲ್ಲರಿಗೂ ತೋರಿಸಿದ. "ತಣ್ಣಗದೆ. ಆದ್ರೆ ಇಮ ಇಲ್ಲ." ತಮಟೆ ಬಡಿದು ಸಾರಿದ. ದಾರಿ ತೆರೆಯಿತು.

ಸಿದ್ದರಾಜು ತಕ್ಷಣ ಜೆಸಿಬಿಯನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಘಟ್ಟದ ನಿಯಮ ಅದು, ದಾರಿ ತೆಗೆದವನು ಪಕ್ಕಕ್ಕೆ ನಿಂತು ಕಾದವರನ್ನು ಮೊದಲು ಬಿಡಬೇಕು. ಅವನು ಕೈಬೀಸಿ ದಾರಿ ತೋರಿಸಿದ. ಗಂಡಿನ ಕಡೆಯವರ ಕಾರು ಒಳಗೆ ಬಂತು. ಹಾಲಿನ ವ್ಯಾನು ಹೋಯಿತು, ಕಬ್ಬಿನ ಟ್ರ್ಯಾಕ್ಟರುಗಳು ಹೋದವು, ನರಸೀಪುರದ ಬಸ್ಸು ಹಾರನ್ ಹಾಕಿಕೊಂಡು ಹೋಯಿತು. ಅವನು ಒಂದೊಂದಕ್ಕೂ ಕೈ ಎತ್ತಿ ಹಣೆಗೆ ಮುಟ್ಟಿಸಿದ. ರಸ್ತೆ ಖಾಲಿಯಾಯಿತು. ಅವನು ಹಾಗೇ ಕೂತಿದ್ದ.

ಕರಿಯಪ್ಪ ಬಂದು ಜೆಸಿಬಿಯ ಬಾಗಿಲು ತಟ್ಟಿದ. "ಇನ್ಯಾರ್ಗ್ ಕಾಯ್ತಾ ಕೂತಿದ್ದಯ್ಯಾ? ನೀನು ಓಗ್ಲಿ ಅಂತ ತಾನೆ ಇಷ್ಟೆಲ್ಲ ಮಾಡಿದ್ದು?"

ಸಿದ್ದರಾಜು ಕನ್ನಡಕ ತೆಗೆದು ಅವನನ್ನು ನೋಡಿದ. ಹಿಮ ತೆಗೆಯುತ್ತಾ ಮುದುಕನಾದ ಆ ಮನುಷ್ಯ ಕೇಳಿದ: "ನಾನೂ ಓಗ್‌ಬೌದಾ ಕರಿಯಪ್ಪಣ್ಣ?"

"ಓಗಪ್ಪ" ಎಂದ ಕರಿಯಪ್ಪ. "ಓಗು, ಓಗು."

ಬಸ್ಸು ಹೋಗಿಬಿಟ್ಟಿತ್ತು. ಗಾಡಿ ಆಮೇಲೆ ತಂದುಕೊಡು ಎಂದ ದೀಪಕ್. ಸಿದ್ದರಾಜು ಜೆಸಿಬಿಯಲ್ಲೇ ನರಸೀಪುರ ದಾಟಿ ನಂಜನಗೂಡಿಗೆ ಹೋದ. ದಾರಿಯುದ್ದಕ್ಕೂ ಸ್ಕೂಟರಿನವರು ಅವನ ಕೋಟು ಟೋಪಿ ನೋಡಿ ನಕ್ಕುಕೊಂಡು ಮುಂದೆ ಹೋದರು. ಆಸ್ಪತ್ರೆಯ ಗೇಟಿನವನು ಜೆಸಿಬಿ ಒಳಗೆ ಬಿಡುವುದಿಲ್ಲ ಎಂದಾಗ ಕೀಲಿಯನ್ನು ಅವನ ಕೈಗೇ ತುರುಕಿ ಓಡಿದ. ಹೆರಿಗೆ ಕೋಣೆಯ ಮುಂದೆ ಸುಬ್ಬಲಕ್ಷ್ಮಮ್ಮ ನಿಂತಿದ್ದಳು. ಅವಳು ಬಾಯಿ ತೆರೆಯುವುದಕ್ಕೂ ಒಳಗೆ ಮಗು ಅಳುವುದಕ್ಕೂ ಸರಿಹೋಯಿತು.

ಒಳಗೆ ಬಿಟ್ಟಾಗ ಸುನೀತಾ ಅವನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ ಕೈ ಚಾಚಿ ಕೋಟಿನ ತೋಳನ್ನು ಮುಟ್ಟಿ ನೋಡಿದಳು.

"ಬಂದ್ಯಾಪ್ಪಾ?"

"ಬಂದೆ ಕಣವ್ವಾ."

ನರ್ಸು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವನ ಮುಂದೆ ಹಿಡಿದಳು. ಸಿದ್ದರಾಜು ಅದರ ಕಡೆ ತಿರುಗಲಿಲ್ಲ, ಬೆವರಿ ಬಾಡಿದ ಮಗಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟ.

"ಮಗೀನ್ ನೋಡಪ್ಪಾ" ಎಂದಳು ಸುನೀತಾ.

"ನೋಡ್ತೀನಿ ಇರವ್ವಾ" ಎಂದ ಅವನು. "ಮೊದ್ಲು ನಿನ್ನ ನೋಡ್ಕತೀನಿ. ನೀನ್ ಉಟ್ದಾಗ್ಲೂ ನೋಡಿಲ್ಲ ನಾನು."