ಕೆಂಚಿ ಗೊಂಬೆಯ ಹುಬ್ಬು

ನನ್ನ ಕೂದಲು ಹುಟ್ಟಿನಿಂದಲೇ ಕೆಂಚು. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ, ನಂಬಿದವರು ಮಾತ್ರ ಕಡಿಮೆ. ಬಸ್ಸಿನಲ್ಲಿ ಪಕ್ಕ ಕೂತವರು "ಯಾವ ಕಂಪ್ನಿ ಕಲರ್ರವ್ವಾ?" ಎಂದು ಕೇಳುತ್ತಾರೆ. ನೆಂಟರಿಷ್ಟರು ಕೇಳುವುದಿಲ್ಲ, ಅವರಿಗೆ ಎಲ್ಲ ಗೊತ್ತು. ಕೆಂಚುಗೂದಲಿನವಳು ಎಂದರೆ ಜಗಳಗಂಟಿ, ಮುಗಿಯಿತು. ನನಗೆ ಸಿಟ್ಟು ಬರುವುದು ನಿಜವೇ. ಹುಟ್ಟಿದಾಗಿನಿಂದ ಇದನ್ನೇ ಕೇಳಿಸಿಕೊಂಡರೆ ಬೋಳು ತಲೆಯವಳಿಗೂ ಸಿಟ್ಟು ಬರುತ್ತದೆ.

ಚನ್ನಪಟ್ಟಣದಲ್ಲಿ ತಾಜ್ ಪಾಷಾ ಅವರ ಗೊಂಬೆ ಕಾರ್ಖಾನೆಯಲ್ಲಿ ನಾನು ಮುಖ ಬರೆಯುವವಳು. ಮುಂದಿನ ಷೆಡ್ಡಿನಲ್ಲಿ ಗಂಡಸರು ಮಿಷನ್ನಿನಲ್ಲಿ ಮರ ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ಹಿಂದಿನ ಕೋಣೆಯಲ್ಲಿ ಹೆಂಗಸರು ಕೂತು ಕಣ್ಣು, ಹುಬ್ಬು, ಬಾಯಿ ಬರೆಯುತ್ತೇವೆ. ಈ ಕೋಣೆ ನಡೆಸುವವರು ಪಾಷಾ ಅವರ ಅಕ್ಕ ಕೆಹಕಶಾನ್. ನಾವೆಲ್ಲ ಅವರನ್ನು ಆಪಾ ಅನ್ನುತ್ತೇವೆ. ಆಪಾ ತಲೆಯೂ ಕೆಂಪೇ, ಮೆಹಂದಿಯದು. ಅದನ್ನು ನೋಡಿ ಯಾರೂ ಜಗಳಗಂಟಿ ಅನ್ನಲಿಲ್ಲ, ಎಂಥ ಕಳೆ ಅಂದರು. ಹಚ್ಚಿಕೊಂಡ ಕೆಂಪಿಗೆ ಮರ್ಯಾದೆ, ಹುಟ್ಟಿದ ಕೆಂಪಿಗೆ ಬೈಗುಳ. ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಪಾಗೆ ಕಣ್ಣಿನ ಆಪರೇಷನ್ ಆಗಬೇಕಿತ್ತು. ಆಮೇಲೆ ಕೋಣೆಯನ್ನು ನಮ್ಮಲ್ಲೇ ಯಾರಿಗಾದರೂ ಒಪ್ಪಿಸುವುದೆಂದು ಮಾತಾಗಿತ್ತು. ಆ ಜಾಗದ ಮೇಲೆ ನನಗೆ ಬಹಳ ದಿನದ ಆಸೆ, ಸುಳ್ಳು ಯಾಕೆ ಹೇಳಲಿ. ಒಂದು ಸಂಜೆ ಆಪಾ ನನ್ನನ್ನು ಪಕ್ಕಕ್ಕೆ ಕರೆದರು.

"ಕೈ ನೋಡಿದ್ರೆ ನಿಂಗೇ ಕೊಡ್ಬೇಕು ಭಾನು. ಬಾಯಿ ನೋಡಿದ್ರೆ ಬೇಡ ಅನ್ಸ್ತದೆ. ಈಗ ಬಂದಿರೋ ಆರ್ಡರ್ ಮುಗಿಯೋ ತನಕ ನೀನು ಕೂಗಾಡೋದು ನಂಗೆ ಕೇಳ್ಬಾರ್ದು. ಆಮೇಲೆ ನೋಡೋಣ."

"ಆಯ್ತು ಆಪಾ" ಅಂದೆ. ಅದನ್ನೂ ಮೆಲ್ಲಗೇ ಅಂದೆ.

ಆರ್ಡರು ಬೆಂಗಳೂರಿನ ಒಂದು ಅಂಗಡಿಯದು. ಒಂದೊಂದು ಡಬ್ಬಿಯಲ್ಲಿ ನಾಲ್ಕು ಹೆಂಗಸರ ಗೊಂಬೆ ಇರಬೇಕು. ಒಬ್ಬಳ ಕೂದಲು ಕಪ್ಪು, ಒಬ್ಬಳದು ಕೆಂಚು, ಒಬ್ಬಳದು ಹಳದಿ, ಒಬ್ಬಳದು ಬಿಳಿ. ಮಾದರಿಗೆಂದು ಅವರು ಕಳಿಸಿದ್ದು ಕಪ್ಪು ಕೂದಲಿನ ನಗುಮುಖದ ಗೊಂಬೆ ಒಂದೇ. ಉಳಿದವರನ್ನೂ ಹೀಗೇ ಮಾಡಿ ಎಂದು ಪಾಷಾ ಹೇಳಿದ್ದರು.

ಆದರೆ ನಮ್ಮ ಕೋಣೆಗೊಂದು ಪದ್ಧತಿ ಇದೆ. ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಳ್ಳದೆ ಇಲ್ಲಿ ಯಾರೂ ಗೊಂಬೆಗೆ ಮುಖ ಬರೆಯುವುದಿಲ್ಲ. ಹಾಗೆ ಬರೆದರೇ ಜೀವ ಬರುವುದು ಎಂದು ಆಪಾನೇ ಕಲಿಸಿದ್ದು. ನಮ್ಮ ರಾಜನ ಗೊಂಬೆ ನನ್ನ ಜೊತೆ ಬರೆಯುವ ಮಾಯಮ್ಮನ ಮೈದುನ. ಪೊಲೀಸ್ ಗೊಂಬೆ ಶ್ವೇತಳ ಸೋದರಮಾವ, ಅವನು ನಿಜಕ್ಕೂ ಪೊಲೀಸರಿಗೆ ಹೆದರುವ ಮನುಷ್ಯ.

ಅದೇ ಹೊತ್ತಿಗೆ ನಾನು ತಂಗಿಯ ಮಗುವಿನ ನಾಮಕರಣಕ್ಕೆ ತಿಪ್ಪಸಂದ್ರಕ್ಕೆ ಹೋದೆ. ಆಪಾನೂ ಕಣ್ಣು ತೋರಿಸಲು ಹೋಗಿದ್ದರಂತೆ. ನಾನು ವಾಪಸ್ ಬಂದು ನೋಡಿದರೆ, ಬರೆದು ಮುಗಿಸಿದ ಗೊಂಬೆಗಳು ಬಣ್ಣಬಣ್ಣದ ತಲೆ ಹೊತ್ತು ತಟ್ಟೆಗಳಲ್ಲಿ ಸಾಲಾಗಿ ನಿಂತಿದ್ದವು. ಕಪ್ಪು ಕೂದಲಿನವರು ನಗುತ್ತಿದ್ದರು. ಬಿಳಿ ಕೂದಲಿನವರು ಬಾಯಿ ಸೊಟ್ಟಗೆ ಮಾಡಿಕೊಂಡು ಸೊಸೆಯ ಸಾರಿಗೆ ಉಪ್ಪು ಸಾಲದು ಅನ್ನುವಂತಿದ್ದರು. ಹಳದಿ ಕೂದಲಿನವರ ಕಣ್ಣು ಒಂದು ಅತ್ತ, ಒಂದು ಇತ್ತ. ಕೆಂಚುಗೂದಲಿನವರು ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಬಾರವ್ವ, ನಿನ್ ಮಕ್ಳು ಕಾಯ್ತಾ ಕುಂತವ್ರೆ" ಅಂದಳು ಮಾಯಮ್ಮ.

ಮಾಯಮ್ಮ ನಮ್ಮಲ್ಲಿ ಹಿರಿಯಳು. ಪ್ರತಿ ಭಾನುವಾರ ತಪ್ಪದೆ ತಲೆಗೆ ಕಪ್ಪು ಹಚ್ಚಿಕೊಳ್ಳುತ್ತಾಳೆ. ಆಪಾ ಜಾಗದ ಮೇಲೆ ಅವಳಿಗೂ ಕಣ್ಣಿತ್ತು. ನಾನು ನಾಲಿಗೆ ಕಚ್ಚಿಕೊಂಡು ಒಂದು ಲೋಟ ನೀರು ಕುಡಿದೆ.

"ಮಾಯಮ್ಮಕ್ಕ, ಹುಬ್ಬು ಒಸಿ ಜಾಸ್ತಿ ಆಗೈತೆ ಅನ್ಸಲ್ವಾ?"

"ಏನೂ ಜಾಸ್ತಿ ಆಗಿಲ್ಲ. ನಿನ್ನೇ ನೆನ್ಕಂಡು ಬರ್ದಿವ್ನಿ. ನೋಡು, ತದ್ರೂಪು ನೀನೇ."

ಎಲ್ಲರೂ ನಕ್ಕರು. ನಾನೂ ನಕ್ಕೆ, ದವಡೆ ನೋಯುವಷ್ಟು ನಕ್ಕೆ. ಸಂಜೆ ಹೊತ್ತಿಗೆ ಡಬ್ಬಿಗಳು ಹೊರಟುಹೋಗುತ್ತವೆ, ಕೋಣೆ ನನ್ನದಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಅಂಗಡಿಯವರು ವಾಪಸ್ ಕಳಿಸಿದರೆ ಆಗ ನೋಡಿಕೊಂಡರಾಯಿತು. ನನ್ನಂಥ ಸಿಡುಕಿಯರು ಬೆಂಗಳೂರಿನಲ್ಲಿ ಇನ್ನಷ್ಟು ಜನ ಇದ್ದರೆ ಯಾರಿಗೆ ಏನು ನಷ್ಟ? ಕೂತು ಡಬ್ಬಿಗೆ ಕಾಗದ ಹಾಸತೊಡಗಿದೆ.

ಮುಖ ಇಲ್ಲದ ಹಳದಿ ತಲೆಗಳು ಇನ್ನೂ ಕೆಲವು ಉಳಿದಿದ್ದವು. ಮಾಯಮ್ಮ ಅವನ್ನು ಶ್ವೇತಳ ಮುಂದೆ ತಳ್ಳಿದಳು. ಶ್ವೇತ ನಮ್ಮಲ್ಲಿ ಚಿಕ್ಕವಳು. ಚಿಕ್ಕಪ್ಪನ ಮಗಳ ಮದುವೆಗೆಂದು ಪಾರ್ಲರಿನಲ್ಲಿ ಕೂದಲಿಗೆ ನಾಲ್ಕು ಹೊಂಬಣ್ಣದ ಎಳೆ ಹಾಕಿಸಿಕೊಂಡಿದ್ದಳು. ಅವತ್ತಿನಿಂದ ಅವಳಿಗೆ ಬುದ್ಧಿ ಇಲ್ಲವೆಂದು ಕೋಣೆ ತೀರ್ಮಾನ ಮಾಡಿಬಿಟ್ಟಿತ್ತು.

"ಇದ ನೀನೇ ಬರಿಯೇ. ಕನ್ನಡಿ ನೋಡ್ಕಂಡು ಬರಿ. ತಲೆ ಒಳ್ಗೆ ಏನೂ ಇಲ್ಲ ಅಂತ ಮುಖದಲ್ಲೇ ಗೊತ್ತಾಗ್ಬೇಕು."

ಶ್ವೇತ ನಕ್ಕಳು. ಯಾರು ಏನಂದರೂ ನಗುವುದು ಅವಳ ಅಭ್ಯಾಸ. ತಲೆ ಬಗ್ಗಿಸಿ ಕುಂಚ ತೆಗೆದುಕೊಂಡಳು. ಕೋಣೆಯಲ್ಲಿ ಎಲ್ಲರಿಗಿಂತ ಸಣ್ಣ ಗೆರೆ ಎಳೆಯುವವಳು ಅವಳೇ, ಆದರೂ ಕುಂಚ ಜಾರಿ ಕಣ್ಣಿನ ಕಪ್ಪು ಗೊಂಬೆಯ ಕೆನ್ನೆಗೆ ಇಳಿಯಿತು. ವೇಲಿನ ತುದಿಯಲ್ಲಿ ಅದನ್ನು ಒರೆಸಿದಳು. ಅದೇ ತುದಿಯಲ್ಲಿ ತನ್ನ ಮೂಗನ್ನೂ ಒರೆಸಿಕೊಂಡಳು.

"ನಂಗೆ ತಲೆ ಇಲ್ಲ ಬುಡಕ್ಕ" ಅಂದು ಮತ್ತೆ ನಕ್ಕಳು.

ಆ ನಗು ನನಗೆ ತಡೆಯಲಾಗಲಿಲ್ಲ.

"ಕುಂಚ ಕೆಳಗಿಡು ಶ್ವೇತ" ಅಂದೆ. ಮುಂದಿನ ಷೆಡ್ಡಿನವರು ಏನೋ ಅನಾಹುತವಾಯಿತೆಂದು ಮಿಷನ್ ನಿಲ್ಲಿಸಿದರಂತೆ. "ಈ ಕೋಣೇಲಿ ಇವಳಂಗೆ ಗೆರೆ ಎಳ್ಯೋರು ಯಾರವ್ರೆ, ಕೈ ಎತ್ತಿ ನೋಡೋಣ. ಮಾಯಮ್ಮಕ್ಕ, ಒಂದ್ಸಲ ತಲೆಗೆ ಬಣ್ಣ ಹಾಕ್ಸಿದ್ಕೆ ಬುದ್ಧಿ ಸೋರೋಯ್ತದಾ? ಹಂಗಾದ್ರೆ ನೀನು ವಾರವಾರ ಹಚ್ಕತೀಯಲ್ಲ, ಇಷ್ಟೊತ್ಗೆ ನಿಂಗೆ ಒಂದ್ ಚೂರೂ ಉಳೀಬಾರ್ದಿತ್ತು. ಒಂದ್ ಡಬ್ಬೀನೂ ಆಚೆ ಹೋಗಕಿಲ್ಲ. ಎಲ್ಲಾ ಅಳ್ಸಿ, ಮೊದ್ಲಿಂದ ಬರೀರಿ."

ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದರೆ ಬಾಗಿಲಲ್ಲಿ ಆಪಾ. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ದಂಡವಾಯಿತು, ಜಾಗ ಹೋಯಿತು ಅಂದುಕೊಂಡೆ.

ಆಪಾ ನನ್ನ ಕಡೆ ನೋಡಲೇ ಇಲ್ಲ. ಒಳಗೆ ಬಂದು ಬಿಳಿ ಕೂದಲಿನ ಒಂದು ಗೊಂಬೆ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಇವಳ್ಯಾರು?"

"ಅತ್ತೆ, ಆಪಾ" ಅಂದಳು ಮಾಯಮ್ಮ.

"ಯಾರ ಅತ್ತೆ?"

ಆಪಾ ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದರು. ಮೆಹಂದಿಯ ಕೆಂಪಿನ ಬುಡದಲ್ಲಿ ಬಿಳಿ ಕಾಣುತ್ತಿತ್ತು.

"ಮೆಹಂದಿ ಬಿಟ್ರೆ ನಂದೂ ಹಿಂಗೇ. ನಾನು ದಿನಾ ಬಾಯಿ ಹಿಂಗ್ ಮಾಡ್ಕೊಂಡು ಕೂತಿರ್ತೀನಾ? ಮನುಷ್ಯರನ್ನ ನೆನ್ಸ್ಕೊಂಡು ಬರೀರಿ ಅಂತ ಹೇಳ್ಕೊಟ್ಟೆ. ಕೂದಲನ್ನ ನೆನ್ಸ್ಕೊಂಡು ಬರೀರಿ ಅಂತ ಯಾವಾಗ ಹೇಳ್ದೆ?"

ಮಾಯಮ್ಮನ ಕೈ ತಾನಾಗಿಯೇ ತನ್ನ ಬೈತಲೆಗೆ ಹೋಯಿತು. ಬಣ್ಣ ಅಳಿಸುವ ಥಿನ್ನರ್ ಬಾಟಲಿ ತಂದು, ಬಟ್ಟೆ ಅದ್ದಿ ಕೆಂಚಿ ಗೊಂಬೆಗಳ ತಟ್ಟೆಯನ್ನು ತಾನೇ ಎಳೆದುಕೊಂಡಳು. ಊಟಕ್ಕೂ ಯಾರೂ ಏಳಲಿಲ್ಲ. ಶ್ವೇತ ಹಳದಿ ಕೂದಲಿನವರಿಗೆಲ್ಲ ನೇರವಾದ ಕಣ್ಣು ಬರೆದಳು. ಯಾರನ್ನು ನೆನೆದುಕೊಂಡೆ ಎಂದು ಕೇಳಿದ್ದಕ್ಕೆ, "ಯಾರ್ನೂ ಇಲ್ಲ, ನಾನೇ" ಅಂದಳು. ಆಗ ನಗಲಿಲ್ಲ.

ಕತ್ತಲಾಗುವ ಮೊದಲು ಡಬ್ಬಿಗಳು ಗಾಡಿ ಹತ್ತಿದವು. ಆಪಾ ಎಲ್ಲರ ಎದುರಿಗೇ ನನ್ನನ್ನು ಕರೆದರು. ಅವರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಟ್ಟೆ.

"ಮಾತು ತಪ್ಪಿವ್ನಿ ಆಪಾ. ಜಾಗ ಮಾಯಮ್ಮಕ್ಕಂಗೇ ಕೊಡಿ."

"ಬೆಳಗ್ಗೆಯಿಂದ ನಿನ್ನನ್ನ ಆಡ್ಕೊಂಡ್ರಂತೆ, ಸುಮ್ನೆ ಇದ್ಯಂತೆ" ಅಂದರು ಆಪಾ. "ನಿಂಗೆ ಸಿಟ್ಟು ಬರ್ತದೆ ಅಂತ ಊರಿಗೆಲ್ಲ ಗೊತ್ತು. ಯಾರಿಗೋಸ್ಕರ ಬರ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ. ನಾಳೆಯಿಂದ ಕೋಣೆ ನೀನೇ ನೋಡ್ಕೋ."

ಇಷ್ಟು ದಿನ ಆಸೆಪಟ್ಟ ಜಾಗ ಕೈಗೆ ಬಂದಿತ್ತು. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಒಂದು ಮಾತೂ ಹೊರಡದೆ ನಿಂತೆ. ಶ್ವೇತ ನನ್ನನ್ನೇ ನೋಡುತ್ತಿದ್ದಳು. ಮಾಯಮ್ಮ ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. ಕಾದಳು, ಇನ್ನೂ ಸ್ವಲ್ಪ ಕಾದಳು.

"ಏನಾರ ಅನ್ನೇ ಭಾನು" ಅಂದಳು. "ನೀನು ಹಿಂಗೆ ಸುಮ್ಕೆ ನಿಂತ್ರೆ ನಮ್ಗೆ ಕೈಕಾಲೇ ಆಡಕಿಲ್ಲ."