ಉಳಿದ ಒಂಬತ್ತು ಜನ

ನನ್ನ ಗಂಡ ಮಂಟಯ್ಯ ಹಂಪಾಪುರದಿಂದ ಬೀಚನಹಳ್ಳಿಯ ಅಣೆಕಟ್ಟೆಗೆ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ ಕಾಲವದು. ಮೆಟ್ಟಿನ ಮೊಳೆ ಅಂಗಾಲಿಗೆ ಹೊಕ್ಕು ಎರಡು ದಿನವಾದರೂ ಅವನಿಗೆ ಗೊತ್ತಾಗಲಿಲ್ಲ. "ನೋವೇ ಇಲ್ಲ ಕಣಮ್ಮಿ" ಎಂದು ಬೇರೆ ಜಂಬ. ಸಕ್ಕರೆ ಕಾಯಿಲೆಯವರಿಗೆ ಕಾಲು ಮರಗಟ್ಟಿ ಹಾಗಾಗುತ್ತದೆಂದು ಹೆಗ್ಗಡದೇವನಕೋಟೆ ಆಸ್ಪತ್ರೆಯ ಡಾಕ್ಟರು ಹೇಳುವ ಹೊತ್ತಿಗೆ ಹುಣ್ಣು ರೂಪಾಯಿಯಗಲ ಆಗಿತ್ತು.

ಡಾಕ್ಟರು ಒಳ್ಳೆಯವರೇ, ಆದರೆ ಓದಿದವರ ಬಾಯಿ. "ನೋಡಪ್ಪ ಮಂಟಯ್ಯ, ಇಂಥ ಹುಣ್ಣಿರೋ ಹತ್ತು ಜನದಲ್ಲಿ ನಾಲ್ಕು ಜನ ಐದು ವರ್ಷ ದಾಟೋದಿಲ್ಲ. ವಾಸಿಯಾಗೋವರೆಗೂ ಕಾಲು ನೆಲಕ್ಕಿಡಬೇಡ" ಎಂದರು.

ಇವನು ತಲೆ ಕೆರೆದುಕೊಂಡು, "ಉಳಿದ ಒಂಬತ್ತು ಜನ ಯಾರು ಸ್ವಾಮಿ?" ಅಂದ.

ಡಾಕ್ಟರು ನಕ್ಕು ಮುಂದಿನವರನ್ನು ಕರೆದರು. ಇವನು ತಲೆಯಲ್ಲಿ ಹುಳ ಬಿಟ್ಟುಕೊಂಡ. ನಾಲ್ಕು ಜನ ಆಗಲೇ ಸತ್ತಿದ್ದರೆ ತನಗೆ ಭಯವಿಲ್ಲ, ಹಾಯಾಗಿ ಗಾಡಿ ಕಟ್ಟಬಹುದು ಎಂಬುದು ಅವನ ಲೆಕ್ಕ. ಆಸ್ಪತ್ರೆಗೆ ಕಟ್ಟು ಹಾಕಿಸಿಕೊಳ್ಳಲು ಬರುವವರನ್ನೆಲ್ಲ ಕೇಳಿ ಕೇಳಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಕಾಲು ಹುಣ್ಣಾದ ಒಂಬತ್ತು ಜನರ ಹೆಸರು ಬಾಯಿಪಾಠ ಮಾಡಿದ. ಒಂದು ಬೆಳಿಗ್ಗೆ ಮಡಿ ಪಂಚೆ ಉಟ್ಟು, ದೊಣ್ಣೆ ಊರಿಕೊಂಡು ಬಾಗಿಲಿಗೆ ಬಂದೇಬಿಟ್ಟ.

"ಎಲ್ಲಿಗ್ ಮಾವ?" ಅಂದೆ. ಸೋದರಮಾವನನ್ನೇ ಕಟ್ಟಿಕೊಂಡವಳು ನಾನು.

"ಯಾರವ್ರೆ, ಯಾರೋದ್ರು ನೋಡ್ಕಂಡ್ ಬತ್ತೀನಿ."

"ನೋಡಾಕೋಗಿ ನೀನೇ ಓಗ್ಬುಟ್ಟೀಯ. ಮನಿಕ್ಕೊ, ನಾನೋಗ್ಬತ್ತೀನಿ."

"ಸರ್ಯಾಗಿ ಎಣಿಸ್ತೀಯಾ?"

"ಸತ್ತೋರ್ನ ಎಣ್ಸಾಕೆ ಇಸ್ಕೂಲ್‌ಗೋಗ್ಬೇಕಾ?"

ನಾನು ಬರುವವರೆಗೂ ಮಂಚ ಇಳಿಯುವುದಿಲ್ಲವೆಂದು ತಾಳಿ ಮುಟ್ಟಿಸಿ ಆಣೆ ಹಾಕಿಸಿದೆ. ಆಣೆಯ ಮೇಲೆ ಪೂರ್ತಿ ನಂಬಿಕೆಯಿಲ್ಲದೆ ಅವನ ದೊಣ್ಣೆಯನ್ನೂ ನಾನೇ ಹಿಡಿದುಕೊಂಡು ಬಸ್ಸು ಹತ್ತಿದೆ.

ಮೂರು ದಿನ ಅಲೆದೆ. ಹುಣಸೂರಿನವನೊಬ್ಬ ಹೊಗೆಸೊಪ್ಪಿನ ಮೂಟೆಯ ಮೇಲೆ ಕಾಲಿಟ್ಟುಕೊಂಡು ಮನೆಮಂದಿಯನ್ನೆಲ್ಲ ಬೈಯುತ್ತ ಕೂತಿದ್ದ. ಗಟ್ಟಿಯಾಗಿದ್ದಾನೆ ಎಂದುಕೊಂಡೆ. ಕೆ.ಆರ್. ನಗರದಲ್ಲಿ, "ಬದ್ಕವ್ರಾ ಅಂತ ಕೇಳಾಕೆ ಬಂದೆ" ಎಂದದ್ದಕ್ಕೆ ಆ ಮನೆಯ ಸೊಸೆ ಪೊರಕೆ ಎತ್ತಿದಳು. ಪಿರಿಯಾಪಟ್ಟಣದ ಕಡೆಯ ಕೊಪ್ಪದ ಮುದುಕ ಮಾತ್ರ ಕಾಫಿ ಕೊಡಿಸಿ, "ನಾನೆಷ್ಟನೇವ್ನವ್ವ? ಎಲ್ಲ ಮುಗುದ್ಮೇಲೆ ಒಂದ್ ಕಾಗ್ದ ಆಕ್ಸು" ಎಂದ. ಎಂಟು ಮನೆ ಮುಗಿದಾಗ ಸತ್ತವರು ಮೂವರು.

ಒಂಬತ್ತನೆಯವನು ಪಿರಿಯಾಪಟ್ಟಣದ ದೇವಯ್ಯ. ಬಾಗಿಲು ತೆಗೆದ ಅವನ ಹೆಂಡತಿ ಸುನಂದಮ್ಮ, "ಅವ್ರೋಗಿ ತಿಂಗ್ಳಾಯ್ತು" ಅಂದಳು. ಸತ್ಯ ಹೇಳುತ್ತೇನೆ, ನನಗೆ ಸಂತೋಷವಾಯಿತು. ನಾಲ್ಕು ಆಯಿತು, ನನ್ನವನು ಉಳಿದ. ಆಮೇಲೆ ಆಕೆಯ ಬರಿ ಹಣೆ ಕಂಡು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಆಕೆ ಕೂರಿಸಿ ನೀರು ಕೊಟ್ಟಳು.

"ಎಂಗಾಯ್ತಕ್ಕ?" ಎಂದು ಕೇಳಿದೆ.

"ವಾಸಿ ಆಯ್ತಾ ಬಂದಿತ್ತು ಕಣವ್ವ. ಒಲ ನೋಡ್ಕಂಡ್ ಬತ್ತೀನಿ ಅಂದ್ರು. ಒಂದ್ ಗಳ್ಗೆ ತಾನೇ ಅಂತ ಬುಟ್ಬುಟ್ಟೆ. ದಿನಾ ಓಗಾಕ್ ಸುರು ಮಾಡುದ್ರು, ಉಣ್ಣು ಮತ್ತೆ ಕೀವಾಯ್ತು. ನಾನ್ ಬುಡಬಾರ್ದಾಗಿತ್ತು."

ಬಸ್ಸಿನುದ್ದಕ್ಕೂ ಆ ಮಾತೇ ಕಿವಿಯಲ್ಲಿ. ಮನೆಗೆ ಬಂದರೆ ನಮ್ಮವನು ಮಂಚದ ಅಂಚಿನಲ್ಲಿ ಕೂತಿದ್ದ, ಕಟ್ಟು ಹಾಕಿದ ಕಾಲು ನೆಲಕ್ಕೆ ಗೇಣು ದೂರದಲ್ಲಿ ತೂಗುತ್ತಿತ್ತು.

"ಎಷ್ಟು?"

"ಮೂರು" ಅಂದೆ.

"ನಾಕ್ನೇದು?"

"ಖಾಲಿ ಐತೆ. ಮೊದ್ಲು ಯಾರ್ ಕಾಲಿಳುಸ್ತಾರೋ ಅವ್ರಿಗಂತೆ."

ಅವನು ಮೆಲ್ಲಗೆ ಕಾಲು ಮೇಲೆಳೆದುಕೊಂಡು ದಿಂಬಿನ ಮೇಲಿಟ್ಟ. ಆಮೇಲೆ, "ಆ ಪಿರಿಯಾಪಟ್ಣದ ದೇವಯ್ಯ ಎಂಗವ್ನೆ?" ಎಂದ.

"ಚೆನ್ನಾಗವ್ನೆ. ಕಾಲಿಳ್ಸಾಕೆ ಅವ್ನೆಂಡ್ತಿ ಬುಡಾಕಿಲ್ಲ."

"ಅವ್ಳೂ ನಿನ್ನಂಗೇ ಗಟವಾಣಿ ಅನ್ನು."

ಹೂಂ ಅಂದೆ. ಅವನ ದೊಣ್ಣೆಯನ್ನು ಕೈಗೆಟುಕದಂತೆ ಅಟ್ಟದ ಮೇಲಿಟ್ಟೆ.